ಎಡಗಡೆ ಹಿಂದಿನ ಸೀಟು

ಸ್ವಲ್ಪ ಹತ್ರ ಬನ್ನಿ, ಜೋರಾಗಿ ಹೇಳೋ ವಿಷಯ ಅಲ್ಲ ಇದು. ಎಲ್ಲೋ ಓದಿದ್ದಲ್ಲ, ಯಾರೋ ಕಳಿಸಿದ ವಿಡಿಯೋನೂ ಅಲ್ಲ. ನಮ್ಮ ಗೋಡೆಯಾಚೆ ರೂಮಿನಲ್ಲಿ ಬಾಡಿಗೆಗಿದ್ದಾನಲ್ಲ ಹುಲಿಗೆಪ್ಪ, ಅವನಿಗೆ ಆದದ್ದು. ಕೊಪ್ಪಳದ ಕಡೆಯವನು. ಗರುಡಾಚಾರ್‌ಪಾಳ್ಯದ ಒಂದು ಆಫೀಸಿಗೆ ಕ್ಯಾಬ್ ಓಡಿಸ್ತಾನೆ. ರಾತ್ರಿ ಪಾಳಿ. ಮಾತು ಕಡಿಮೆ. ಇಲ್ಲದ್ದನ್ನ ಕಟ್ಟಿ ಹೇಳೋ ಮನುಷ್ಯ ಅಲ್ಲವೇ ಅಲ್ಲ.

ಬೈಯಪ್ಪನಹಳ್ಳಿಯ ರೈಲ್ವೆ ಕಾಂಪೌಂಡಿಗೆ ಒರಗಿಕೊಂಡ ಹಾಗೆ ಒಂದು ಆಲದ ಮರ ಇದೆ, ನೋಡಿರ್ತೀರಿ. ಅದರ ಪಕ್ಕದ ಖಾಲಿ ಸೈಟಿನಲ್ಲೇ ಕ್ಯಾಬುಗಳು ನಿಲ್ಲೋದು. ಅವತ್ತು ಕೊನೆಯ ಡ್ರಾಪ್ ಮುಗಿಸಿ, ಗಾಡಿ ನಿಲ್ಲಿಸಿ, ಲಾಕ್ ಮಾಡಿ, ಹುಲಿಗೆಪ್ಪ ಮರದ ಕೆಳಗಿಂದ ಮನೆ ಕಡೆ ನಡೀತಿದ್ದ. ಬೀದಿ ದೀಪ ಕೆಟ್ಟಿತ್ತು. ಮರದ ಬಿಳಲುಗಳು ಗಾಳಿಗೆ ತಗಡಿನ ಶೀಟು ಸವರ್ತಿದ್ವು... ಸರ್... ಸರ್... ಅದೊಂದೇ ಸದ್ದು.

ಆಮೇಲೆ ಇನ್ನೊಂದು ಕೇಳಿಸ್ತು.

ಟಿಣ್... ಟಿಣ್... ಟಿಣ್...

ಹುಲಿಗೆಪ್ಪ ನಿಂತುಬಿಟ್ಟ. ನಿದ್ದೆಯಲ್ಲಿ ಕೇಳಿದ್ರೂ ಗುರುತು ಹಿಡಿಯೋ ಸದ್ದು ಅದು. ಹಿಂದಿನ ಸೀಟಿನಲ್ಲಿ ಯಾರಾದರೂ ಕೂತು ಬೆಲ್ಟ್ ಹಾಕದಿದ್ರೆ ಕಾರು ಹಾಗೆ ಬಡ್ಕೊಳ್ಳುತ್ತೆ. ಆದರೆ ಗಾಡಿ ಚಾಲೂ ಇದ್ರೆ ಮಾತ್ರ. ಕೀ ಇವನ ಜೇಬಲ್ಲಿದೆ. ಗಾಡಿ ಆಫ್ ಆಗಿದೆ. ಒಳಗೆ ಯಾರೂ ಇಲ್ಲ.

ವಾಪಸ್ ಹೋದ. ಗಾಜಿಗೆ ಕೈ ಅಡ್ಡ ಇಟ್ಟು ಬಗ್ಗಿ ನೋಡಿದ. ಮುಂದುಗಡೆ ಮೀಟರಿನ ಪಕ್ಕ ಪುಟ್ಟದೊಂದು ಕೆಂಪು ದೀಪ. ಹಿಂದಿನ ಸೀಟು, ಎಡಗಡೆ ಅಂತ ತೋರಿಸ್ತಿತ್ತು. ಬಾಗಿಲ ಹಿಡಿಗೆ ಕೈ ತಾಗಿಸಿದ... ಸದ್ದು ನಿಂತಿತು. ದೀಪ ಆರಿತು. ಒಳಗೆ ಬರೀ ಕತ್ತಲು.

ಅವನು ಬಾಗಿಲು ತೆಗೀಲಿಲ್ಲ. ತಿರುಗಿ ನೋಡದೆ ಮನೆಗೆ ಬಂದ. ಯಾರು ಅಂತ ಅವನಿಗೆ ಹೊಳೆದಿತ್ತು. ಆದರೆ ಆ ಮನುಷ್ಯ ಇನ್ನಿಲ್ಲ ಅನ್ನೋ ಸುದ್ದಿ ಅವನಿಗೆ ಇನ್ನೂ ಬಂದಿರಲಿಲ್ಲ.

ಅದೇ ರಾತ್ರಿ, ಅದಕ್ಕೂ ಸ್ವಲ್ಪ ಮುಂಚೆ ಆಗಿದ್ದು ಇಷ್ಟು.

ಕೊನೆಯ ಡ್ರಾಪ್ ಪ್ರಿಯದರ್ಶಿನಿ ಅನ್ನೋ ಹುಡುಗಿಯದು. ಸರ್ವಜ್ಞನಗರದಲ್ಲಿ ಮನೆ. ಹಿಂದಿನ ಸೀಟಿನಲ್ಲಿ ಬಲಗಡೆ, ಡ್ರೈವರ್ ಬೆನ್ನಿಗೆ ಕೂತಿದ್ದಳು. ಚರ್ಚಿನ ಪಕ್ಕದ ಸಣ್ಣ ರಸ್ತೆಗೆ ಗಾಡಿ ತಿರುಗಿಸ್ತಿದ್ದ ಹಾಗೆ ಎದುರಿನಿಂದ ಕಪ್ಪು ದೊಡ್ಡ ಗಾಡಿಯೊಂದು ನುಗ್ಗಿ ಬಂತು. ಹುಲಿಗೆಪ್ಪ ಬ್ರೇಕ್ ಒತ್ತಿದ. ಆದರೂ ಮೂಲೆಗೆ ಮೂಲೆ ತಾಗೇ ಬಿಡ್ತು... ಕರಕ್. ಆ ಕಪ್ಪು ಗಾಡಿಯವನು ರೇಗಿಕೊಂಡು ಸರ್ರನೆ ಹಿಂದಕ್ಕೆ ತೆಗೆದ. ಹಿಂದೆ ಮೊಪೆಡ್‌ನಲ್ಲಿ ಒಬ್ಬ ಬರ್ತಿದ್ದ. ಅವನನ್ನ ನೋಡೇ ಇಲ್ಲ. ಮೊಪೆಡ್ ಉರುಳಿತು. ಅದರ ಚಕ್ರ ಸುಮ್ಮನೆ ತಿರುಗ್ತಾ ಇತ್ತು... ಟರ್ ಟರ್ ಟರ್...

ಕಪ್ಪು ಗಾಡಿಯವನು ಇಳಿದ. ಕೈಯಲ್ಲಿ ವೀಲ್ ಸ್ಪ್ಯಾನರ್. ನೇರ ಬಂದು ಹುಲಿಗೆಪ್ಪನ ಬಾನೆಟ್ ಮೇಲೆ ಒಂದು ಬಿಟ್ಟ.

"ಇಳಿಯೋ. ಇಳಿಯೋ ಕೆಳಗೆ."

ಕ್ಯಾಬಿನವರಿಗೆ ಟ್ರೈನಿಂಗ್ ಕೊಟ್ಟಿರ್ತಾರೆ. ಗಲಾಟೆ ಆದ್ರೆ ಇಳೀಬೇಡಿ. ಗಾಜು ಏರಿಸಿ, ಬಾಗಿಲು ಲಾಕ್ ಮಾಡಿ. ಎದುರು ಮಾತಾಡಬೇಡಿ. ಹೆಣ್ಣುಮಕ್ಕಳು ಗಾಡಿಯಲ್ಲಿದ್ರೆ ಹೊರಗಿನವರನ್ನ ಹತ್ತಿಸ್ಕೋಬೇಡಿ. ದಾರಿ ಸಿಕ್ಕಿದ ತಕ್ಷಣ ಅಲ್ಲಿಂದ ಹೊರಟು ಜನ ಇರೋ ಕಡೆ ಹೋಗಿ, ಪೊಲೀಸಿಗೆ ಫೋನ್ ಮಾಡಿ. ಹುಲಿಗೆಪ್ಪನಿಗೆ ಅಷ್ಟೂ ಬಾಯಿಪಾಠ. ಲಾಕ್ ಬಟನ್ ಒತ್ತಿದ. ಕಟಕ್. ನಾಲ್ಕೂ ಬಾಗಿಲಿಗೆ ಲಾಕ್ ಬಿತ್ತು.

ಅಷ್ಟರಲ್ಲಿ ಮೊಪೆಡ್ಡಿನವನು ಎದ್ದ. ವಯಸ್ಸಾಗಿತ್ತು, ನರೆತ ಗಡ್ಡ. ಎದ್ದವನು "ನೋಡ್ಕೊಂಡು ಬರಬಾರದಾ ಭಾಯ್" ಅಂದ, ಅಷ್ಟೇ. ಸ್ಪ್ಯಾನರ್ ಅವನ ಕಡೆ ತಿರುಗಿತು.

ಕುಂಟ್ತಾ ಓಡಿ ಬಂದ ಅವನು. ಕ್ಯಾಬಿನ ಎಡಗಡೆ ಹಿಂದಿನ ಬಾಗಿಲಿಗೆ ಬಂದ. ಬೆರಳಲ್ಲಿ ಬೆಳ್ಳಿ ಉಂಗುರ ಇತ್ತು. ಅದು ಗಾಜಿಗೆ ಬಡೀತಿತ್ತು... ಟಕ್ ಟಕ್. ಟಕ್ ಟಕ್.

"ಅಣ್ಣಾ, ಬಾಗಿಲು ತೆಗೀರಿ. ಆ ತಿರುವಿನ ತನಕ ಸಾಕು. ಇಳ್ಕೊಂಬಿಡ್ತೀನಿ."

ಪ್ರಿಯದರ್ಶಿನಿ ಮೆಲ್ಲಗೆ ಹೇಳಿದಳು. "ಅಣ್ಣಾ... ತೆಗೀತೀರಾ?"

ಕೇಳಿಸ್ತು. ಇಬ್ಬರದ್ದೂ ಕೇಳಿಸ್ತು. ಹುಲಿಗೆಪ್ಪ ಕನ್ನಡಿಯಲ್ಲಿ ಆ ಮುಖ ನೋಡಿದ. ಆ ಮುಖವೂ ಕನ್ನಡಿಯಲ್ಲಿ ಇವನನ್ನ ನೋಡ್ತು. ಆಗ ಇವನ ಬೆರಳು ತಾನಾಗೇ ಹೋಗಿ ಲಾಕ್ ಬಟನ್ ಮೇಲೆ ಇನ್ನೊಂದು ಸಲ ಒತ್ತಿತು.

ಬಾಗಿಲು ಆಗಲೇ ಲಾಕ್ ಆಗಿತ್ತು ನೋಡಿ. ಒತ್ತೋ ಅಗತ್ಯವೇ ಇರಲಿಲ್ಲ. ಆದರೂ ಒತ್ತಿದ. ಕಟಕ್. ಹೊರಗಿದ್ದವನಿಗೂ ಆ ಸದ್ದು ಕೇಳಿಸ್ತು. ಬಡಿಯೋದು ನಿಲ್ಲಿಸಿದ. ಕೈ ಮಾತ್ರ ಹಾಗೇ ಮೇಲಿತ್ತು.

ಹುಲಿಗೆಪ್ಪ ಗಾಡಿ ಹಿಂದಕ್ಕೆ ತೆಗೆದು, ತಿರುಗಿಸಿ, ಹೊರಟೇಬಿಟ್ಟ. ತಿರುವಿಗೆ ಮುಂಚೆ ಕನ್ನಡಿಯಲ್ಲಿ ಒಂದು ಸಲ ಕಂಡಿತು. ಎತ್ತಿದ ಸ್ಪ್ಯಾನರ್. ಅದರ ಕೆಳಗೆ ಆ ಮನುಷ್ಯ. ಆಮೇಲೆ ತಿರುವು.

ಪ್ರಿಯದರ್ಶಿನಿ ಫೋನ್ ತೆಗೆದಳು. "ಪೊಲೀಸಿಗೆ ಮಾಡ್ಲಾ?"

"ಬ್ಯಾಡ್ರಿ ಮೇಡಂ. ನಿಮ್ಮ ನಂಬರ್ ಬರ್ತೈತಿ. ಆಫೀಸಿನವ್ರು ನೋಡ್ಕೋತಾರ."

ಅವಳು ಫೋನ್ ಒಳಗಿಟ್ಟಳು. ಮನೆ ಬಂದಾಗ ಇಳಿದು ಹೋದಳು.

ಸೂಪರ್‌ವೈಸರ್ ರಾಮುಗೆ ಹುಲಿಗೆಪ್ಪ ಫೋನಿನಲ್ಲೇ ಎಲ್ಲ ಹೇಳಿದ. ರಾಮು ಕೇಳಿದ್ದು, "ಮೇಡಂ ಸೇಫಾ? ಗಾಡಿಗೇನೂ ಆಗಿಲ್ವಾ?" ಆಮೇಲೆ ಅಂದ, "ಕರೆಕ್ಟಾಗೇ ಮಾಡಿದ್ದೀಯ ಗುರು. ಹೀಗೇ ಮಾಡ್ಬೇಕು." ಆ ಮಾತನ್ನ ಮಾರನೇ ದಿನ ಡ್ರೈವರುಗಳೆಲ್ಲ ಸೇರಿದಾಗಲೂ ಹೇಳಿದನಂತೆ. ಹುಲಿಗೆಪ್ಪನ ಥರ ಇರಬೇಕು ಅಂತ. ನಾಲ್ಕು ಜನ ಚಪ್ಪಾಳೆ ತಟ್ಟಿದ್ರಂತೆ. ಹುಲಿಗೆಪ್ಪ ತಲೆ ತಗ್ಗಿಸಿ ನಿಂತಿದ್ದ. ನಾಚಿಕೆ ಸ್ವಭಾವ ಅಂದುಕೊಂಡರು ಎಲ್ಲರೂ.

ಕೆಲವು ದಿನ ಆದ ಮೇಲೆ ಪ್ರಿಯದರ್ಶಿನಿ ಮತ್ತೆ ಅವನ ಕ್ಯಾಬಿಗೇ ಬಂದಳು. ಗಾಡಿ ಹಲಸೂರು ದಾಟಿತು. ಆಮೇಲೆ ಪಿಸುಗುಟ್ಟಿದ ಹಾಗೆ ಹೇಳಿದಳು.

"ಅಣ್ಣಾ, ಅವರು ನಮ್ಮ ಬೀದಿ ಬೇಕರಿಯವರಂತೆ. ಒಲೆ ಮುಂದೆ ಕೆಲಸ ಮಾಡ್ತಿದ್ರು. ಕರೀಂ ಅಂತ. ನಾನು ದಿನಾ ಅಲ್ಲೇ ಬನ್ ತಗೋತಿದ್ದೆ. ಮುಖ ಯಾವತ್ತೂ ನೋಡಿರಲಿಲ್ಲ."

ಹುಲಿಗೆಪ್ಪ ಗೇರ್ ಇಳಿಸಿದ.

"ಅವತ್ತು ರಾತ್ರೀನೇ ತೀರ್ಕೊಂಡ್ರಂತೆ. ಯಾವುದೋ ಗಾಡಿ ಗುದ್ದಿ ಹೋಗಿದೆ ಅಂದ್ಕೊಂಡಿದ್ದಾರೆ. ನೋಡಿದವರು ಯಾರೂ ಇಲ್ವಂತೆ."

ಟಿಣ್...

ಅವಳು ಮುಂದೆ ಬಗ್ಗಿ ಮೀಟರಿನ ಪಕ್ಕದ ಕೆಂಪು ದೀಪ ನೋಡಿದಳು.

ಟಿಣ್... ಟಿಣ್...

"ನಾನು ಬೆಲ್ಟ್ ಹಾಕಿದ್ದೀನಿ ಅಣ್ಣಾ," ಅಂದಳು ಅವಳು. "ಪಕ್ಕದ್ದು ತೋರಿಸ್ತಿದೆ. ಪಕ್ಕದಲ್ಲಿ ಯಾರೂ ಇಲ್ಲ."

"ಬ್ಯಾಗ್ ಇಟ್ಟೀರೇನ್ರಿ?"

"ತೊಡೆ ಮೇಲಿದೆ."

ಅವಳು ಕೈ ಚಾಚಿ ಖಾಲಿ ಸೀಟಿನ ಬೆಲ್ಟ್ ಎಳೆದು ಸಿಕ್ಕಿಸಿದಳು. ಸದ್ದು ನಿಂತಿತು. ಚರ್ಚಿನ ಪಕ್ಕದ ಆ ತಿರುವು ಬಂತು... ಚಕ್. ಬೆಲ್ಟ್ ತಾನಾಗೇ ಬಿಚ್ಚಿಕೊಳ್ತು. ಸರ್ರನೆ ಮೇಲಕ್ಕೆ ಸುತ್ತಿಕೊಳ್ತು. ಯಾರೋ ಇಳಿಯೋಕೆ ತಯಾರಾದ ಹಾಗೆ.

ಆವತ್ತಿಂದ ಪ್ರಿಯದರ್ಶಿನಿ ಬೇರೆ ಕ್ಯಾಬ್ ಹಾಕಿಸ್ಕೊಂಡಳು. ಅವಳದ್ದೇನೂ ತಪ್ಪಿಲ್ಲ ಬಿಡಿ. ಹುಲಿಗೆಪ್ಪ ಮಾತ್ರ ಅದೇ ಗಾಡಿಯಲ್ಲಿ ಓಡಾಡಿದ. ಊಟ ಸೇರ್ತಿರಲಿಲ್ಲ. ಹಗಲು ಹೊತ್ತು ಗೋಡೆಯಾಚೆಯಿಂದ ನಮಗೆ ಅವನು ಹೊರಳೋದು ಕೇಳಿಸ್ತಿತ್ತು. ಒಂದು ದಿನ ನಾನೇ ಕೇಳಿದೆ, ಏನಪ್ಪಾ ಹುಷಾರಿಲ್ವಾ ಅಂತ. "ಏನಿಲ್ರಿ. ಗಾಡಿ ಸದ್ದು ಮಾಡಾಕತ್ತೈತಿ" ಅಂದ. ತೋರಿಸ್ಬಾರದಾ ಅಂದೆ. "ಯಾರಿಗ್ ತೋರಿಸ್ಲಿ" ಅಂದ.

ಠಾಣೆಗೆ ಹೋಗಿ ನೋಡಿದ್ದು ಹೇಳಬೇಕು ಅಂತ ಅವನಿಗೆ ದಿನಾ ಅನ್ನಿಸ್ತಿತ್ತಂತೆ. ಠಾಣೆ ಮುಂದೆ ಗಾಡಿ ನಿಧಾನ ಮಾಡ್ತಿದ್ದ. ಮುಂದೆ ಹೋಗ್ಬಿಡ್ತಿದ್ದ. ಯಾಕೆ ಬಾಗಿಲು ತೆಗೀಲಿಲ್ಲ ಅಂತ ಕೇಳಿದ್ರೆ? ಹಿಂದುಗಡೆ ಟಿಣ್ ಟಿಣ್ ಅಂತಿತ್ತು. ಜೋರಾಗಿ ಅಲ್ಲ. ಕಾಯ್ಕೊಂಡು ಕೂತವರು ಬೆರಳಲ್ಲಿ ಮೆಲ್ಲಗೆ ತಟ್ಟುವ ಹಾಗೆ.

ಕಪ್ಪು ಗಾಡಿಯವನೂ ಸುಮ್ಮನೆ ಕೂತಿರಲಿಲ್ಲ. ಸತ್ತ ಸುದ್ದಿ ಅವನಿಗೂ ಮುಟ್ಟಿತ್ತು. ನೋಡಿದವನು ಒಬ್ಬನಿದ್ದಾನೆ ಅಂತ ಅವನಿಗೆ ಗೊತ್ತು. ಕ್ಯಾಬಿನ ನಂಬರ್ ಗೊತ್ತು. ಗಾಡಿ ಎಲ್ಲಿ ನಿಲ್ಲುತ್ತೆ ಅಂತ ಹುಡುಕೋದು ಏನು ಕಷ್ಟ?

ಒಂದು ರಾತ್ರಿ ಹುಲಿಗೆಪ್ಪ ಗಾಡಿ ಲಾಕ್ ಮಾಡಿ ನಾಲ್ಕು ಹೆಜ್ಜೆ ಇಟ್ಟಿದ್ದಾನೆ... ಆಲದ ಮರದ ಬುಡದಿಂದ ಒಬ್ಬ ಎದ್ದು ಬಂದ.

"ಗಾಡೀಲಿ ಕ್ಯಾಮೆರಾ ಇದ್ಯಾ?" ಕೂಗಲಿಲ್ಲ. ಪಿಸುಮಾತು.

"ಇಲ್ರಿ."

"ನೀನು ನೋಡಿದ್ದೀಯ."

"ನಾ ಏನೂ ನೋಡಿಲ್ರಿ ಸಾರ್."

"ನೋಡಿದ್ದೀಯ."

ಸ್ಪ್ಯಾನರ್ ಕಾಂಪೌಂಡಿನ ಕಲ್ಲಿಗೆ ಉಜ್ಜಿಕೊಂಡು ಬರ್ತಿತ್ತು... ಕರ್ರ್... ಕರ್ರ್... ರಸ್ತೆ ಕಡೆ ಅವನೇ ಅಡ್ಡ ನಿಂತಿದ್ದಾನೆ. ಈ ಕಡೆ ಗೋಡೆ. ಹುಲಿಗೆಪ್ಪ ತಿರುಗಿ ಗಾಡಿ ಕಡೆ ಓಡಿದ. ಜೇಬಿಂದ ಕೀ ಎಳೆದ. ಕೈ ಬೆವರಿತ್ತು. ಕೀ ಜಾರಿ ಒಣಗಿದ ಎಲೆಗಳ ಮೇಲೆ ಬಿತ್ತು... ಚಿಲ್. ಎಲ್ಲಿ ಅಂತ ಕಾಣಲಿಲ್ಲ. ಬಗ್ಗಿ ಹುಡುಕೋಕೆ ಹೊತ್ತಿಲ್ಲ.

ಅವನಿಗೆ ಹತ್ತಿರ ಇದ್ದದ್ದು ಎಡಗಡೆ ಹಿಂದಿನ ಬಾಗಿಲು. ಹಿಡಿ ಎಳೆದ. ಲಾಕ್. ಅವನೇ ಹಾಕಿದ ಲಾಕ್. ಮತ್ತೆ ಎಳೆದ. ಹೆದರಿಕೆಗೆ ಬುದ್ಧಿ ನಿಲ್ಲಲಿಲ್ಲ. ಬೆರಳ ಗಂಟಿನಿಂದ ಗಾಜು ಬಡೀತಾ ಇದ್ದ. ಖಾಲಿ ಗಾಡಿ, ಆದರೂ ಬಡೀತಿದ್ದ. ಬಾಯಿಂದ ಏನು ಬರ್ತಿದೆ ಅಂತಾನೂ ಗೊತ್ತಿರಲಿಲ್ಲ.

"ಅಣ್ಣಾ... ಬಾಗ್ಲಾ ತೆಗೀರಿ... ಅಣ್ಣಾ..."

ಕಟಕ್.

ಬಾಗಿಲು ತೆಗೀತು.

ಒಳಗೆ ಬಿದ್ದ. ಬಾಗಿಲು ಎಳ್ಕೊಂಡ. ಮತ್ತೆ ಕಟಕ್. ಅವನು ಯಾವ ಬಟನ್ನೂ ಮುಟ್ಟಲಿಲ್ಲ. ಹಿಂದಿನ ಬಾಗಿಲಲ್ಲಿ ಆ ಬಟನ್ ಇಲ್ಲವೇ ಇಲ್ಲ. ಆಮೇಲೆ ಪಕ್ಕದಲ್ಲಿ ಸೀಟಿನ ರೆಕ್ಸಿನ್ ಕಿರ್ ಅಂತು. ಯಾರೋ ಸರಿದು ಜಾಗ ಬಿಟ್ಟ ಹಾಗೆ. ಬನ್ನಿನ ವಾಸನೆ ಬಂತು, ಆಗತಾನೇ ಒಲೆಯಿಂದ ತೆಗೆದ ಬನ್ನು. ಹುಲಿಗೆಪ್ಪ ತಿರುಗಲಿಲ್ಲ. ಮುಂದಿನ ಸೀಟಿನ ಬೆನ್ನು ನೋಡ್ಕೊಂಡೇ ಕೂತ.

ಹೊರಗಿನವನು ಗಾಜಿಗೆ ಬಿಟ್ಟ. ಧಡ್. ಗಾಜಿನಲ್ಲಿ ಒಂದು ಗೆರೆ ಓಡಿತು... ಚಿರ್ರ್. ಇನ್ನೊಂದು ಏಟಿಗೆ ಕೈ ಎತ್ತಿದವನು ಯಾಕೋ ನಿಲ್ಲಿಸಿದ. ಬಗ್ಗಿದ. ಫೋನಿನ ಟಾರ್ಚ್ ಹಾಕಿ ಒಳಗೆ ಬಿಟ್ಟ. ಬೆಳಕು ಮೊದಲು ಹುಲಿಗೆಪ್ಪನ ಮುಖಕ್ಕೆ ಬಿತ್ತು. ಆಮೇಲೆ ಸರಿದು ಪಕ್ಕಕ್ಕೆ ಹೋಯ್ತು. ಅಲ್ಲೇ ನಿಂತಿತು.

ತುಂಬಾ ಹೊತ್ತು ಅಲ್ಲೇ ಇತ್ತು ಆ ಬೆಳಕು.

"ಇಲ್ಲ," ಅಂದ ಹೊರಗಿನವನು. ಹುಲಿಗೆಪ್ಪನಿಗೆ ಅಲ್ಲ. ಪಕ್ಕದಲ್ಲಿದ್ದವರಿಗೆ ಉತ್ತರ ಕೊಟ್ಟ ಹಾಗೆ. "ಇಲ್ಲ... ಇಲ್ಲ."

ಸ್ಪ್ಯಾನರ್ ಕಲ್ಲಿನ ಮೇಲೆ ಬಿತ್ತು. ಠಣ್. ಓಡೋ ಸದ್ದು. ದೂರದಲ್ಲಿ ಗಾಡಿ ಚಾಲೂ ಆದ ಸದ್ದು. ಆಮೇಲೆ ಮತ್ತೆ ಬಿಳಲುಗಳು... ಸರ್... ಸರ್...

ಬೆಳಗಿನ ಮೊದಲ ಮೆಟ್ರೋ ಡಿಪೋದಿಂದ ಹೊರಡೋ ತನಕ ಹುಲಿಗೆಪ್ಪ ಹಾಗೇ ಕೂತಿದ್ದ. ಒಂದೇ ಒಂದು ಮಾತು ಆಡಿದನಂತೆ. "ತಪ್ಪಾತ್ರಿ." ಉತ್ತರ ಬರಲಿಲ್ಲ. ಉಸಿರೂ ಕೇಳಿಸಲಿಲ್ಲ. ಬಯ್ದಿದ್ರೆ ಪರವಾಗಿರಲಿಲ್ಲ ಅಂತ ಈಗಲೂ ಹೇಳ್ತಾನೆ. ನಾನು ತೆಗೀಲಿಲ್ಲ, ಅವರು ತೆಗೆದರು, ಬಯ್ಯಲೂ ಇಲ್ಲ ಅಂತ.

ಬೆಳಕಾದ ಮೇಲೆ ಎಲೆಗಳ ನಡುವೆ ಕೀ ಸಿಕ್ತು. ಸೀದಾ ಠಾಣೆಗೆ ಹೋದ. ಸ್ಪ್ಯಾನರ್ ಇನ್ನೂ ಮರದ ಕೆಳಗೇ ಬಿದ್ದಿತ್ತು, ಪೊಲೀಸಿನವರು ಬಂದು ಎತ್ತಿಕೊಂಡು ಹೋದರು. ಅವನು ನೋಡಿದ್ದೆಲ್ಲ ಬರೆಸಿದ. ಒಂದು ಮಾತು ಮಾತ್ರ ನುಂಗಿದ. ಕರೀಂ ಏನಾದರೂ ಹೇಳಿದನಾ ಅಂತ ಕೇಳಿದಾಗ, "ಗಾಜು ಏರ್ಸಿದ್ದೆ ಸಾರ್, ಕೇಳಿಸ್ಲಿಲ್ಲ" ಅಂದುಬಿಟ್ಟ. ಕಪ್ಪು ಗಾಡಿಯವನನ್ನ ಆ ವಾರವೇ ಹಿಡಿದರು. ಕೇಸ್ ನಡೀತಿದೆ. ಜೈಲಲ್ಲಿ ಅವನು ಕಿಟಕಿ ಇಲ್ಲದ ಕಡೆ ಮಲಗಿಸಿ ಅಂತ ಕೇಳ್ಕೊತಾನಂತೆ. ಅದು ನಾನು ಕೇಳಿದ್ದು, ನಿಜವೋ ಸುಳ್ಳೋ ಗೊತ್ತಿಲ್ಲ.

ಆಮೇಲೆ ಹುಲಿಗೆಪ್ಪ ಕರೀಂ ಮನೆಗೆ ಹೋದ. ಶಿವಾಜಿನಗರದಲ್ಲಿ, ಗಲ್ಲಿಯ ಬಾಯಲ್ಲೇ ಮನೆ. ಗಾಡಿಯನ್ನ ಎದುರಿಗೇ ನಿಲ್ಲಿಸಿದ. ಕರೀಂ ಹೆಂಡತಿಯ ತಮ್ಮ ಜಾಫರ್ ಒಳಗೆ ಕರೆದು ಚಾಪೆ ಮೇಲೆ ಕೂರಿಸಿದ. ಹೆಂಡತಿ ಶಂಶುನ್ನೀಸಾ ಇದ್ದತ್ತಿನಲ್ಲಿದ್ದಳು. ಗಂಡ ಸತ್ತ ಮೇಲೆ ಆ ಅವಧಿ ಮುಗಿಯೋ ತನಕ ಹೊರಗಿನ ಗಂಡಸರ ಎದುರು ಬರೋ ಹಾಗಿಲ್ಲ. ಒಳಗಿನ ಕೋಣೆಗೆ ಪರದೆ ಇಳಿಬಿಟ್ಟಿತ್ತು. ಅದರ ಹಿಂದಿನಿಂದ ದನಿ ಮಾತ್ರ ಬಂತು.

"ನೀವು ಪೊಲೀಸಿಗೆ ಹೇಳಿದ್ದು ಜಾಫರ್ ಹೇಳ್ದ. ಕೂತ್ಕೊಳ್ಳಿ ಭಾಯ್."

"ಕೂತೀನ್ರಿ ಅಮ್ಮಾ."

"ಒಂದು ಕೇಳ್ಬೇಕಿತ್ತು. ಕೊನೇಲಿ ಅವರು ಏನಾದ್ರೂ ಅಂದ್ರಾ?"

ಫ್ಯಾನ್ ತಿರುಗ್ತಿತ್ತು. ಒಂದು ರೆಕ್ಕೆ ಎಲ್ಲೋ ತಾಗ್ತಾ ಇತ್ತು... ಟಿಕ್... ಟಿಕ್... ಗಾಜು ಏರ್ಸಿದ್ದೆ ಅನ್ನೋ ಮಾತು ಹುಲಿಗೆಪ್ಪನ ನಾಲಿಗೆ ತುದಿಗೆ ಬಂತು. ಜಾಫರ್ ಅವನ ಮುಖವನ್ನೇ ನೋಡ್ತಿದ್ದ.

"ಅಂದ್ರು ಅಮ್ಮಾ. ಬಾಗ್ಲಾ ತೆಗೀರಿ ಅಂದ್ರು. ತಿರುವಿನ ತನಕ ಸಾಕು, ಇಳ್ಕೊಂತೀನಿ ಅಂದ್ರು. ನಂಗ ಚಲೋ ಕೇಳಿಸ್ತು. ನಾ ತೆಗೀಲಿಲ್ಲ."

ಪರದೆಯ ಹಿಂದೆ ಬಳೆ ಸದ್ದೂ ಇಲ್ಲ.

"ಅವರು ಯಾರ ಹತ್ರಾನೂ ಏನೂ ಕೇಳ್ತಿರ್ಲಿಲ್ಲ," ಅಂದಳು ಶಂಶುನ್ನೀಸಾ. "ನನ್ನ ಹತ್ರ ನೀರೂ ಕೇಳ್ತಿರ್ಲಿಲ್ಲ. ತಾವೇ ಎದ್ದು ತಗೋತಿದ್ರು."

ಕ್ಷಮಿಸಿದೆ ಅಂತ ಅವಳು ಹೇಳಲಿಲ್ಲ. ಹುಲಿಗೆಪ್ಪನಿಗೆ ಕೇಳೋ ಧೈರ್ಯ ಬರಲಿಲ್ಲ. ಕೋರ್ಟಿನಲ್ಲಿ ಅದನ್ನೂ ಹೇಳ್ತೀನಿ ಅಂದ. "ಹೇಳಿ," ಅಂದಳು. ಅಷ್ಟೇ. ಎದ್ದು ಹೊರಗೆ ಬಂದ. ಅವನ ಜೊತೆ ಜಾಫರೂ ಬಂದ.

ಗಾಡಿಯ ಎಡಗಡೆ ಹಿಂದಿನ ಬಾಗಿಲ ಮುಂದೆ ಒಂದು ಹಳದಿ ಬೆಕ್ಕು ಕೂತಿತ್ತು. ತಲೆ ಎತ್ತಿ ಬಾಗಿಲನ್ನೇ ನೋಡ್ತಿತ್ತು. ಹುಲಿಗೆಪ್ಪ ಓಡಿಸೋಕೆ ಹೋದ. ಜಾಫರ್ ಬೇಡ ಅಂತ ಕೈ ಹಿಡಿದ.

"ಭಾವನ ಬೆಕ್ಕು," ಅಂದ ಮೆಲ್ಲಗೆ. "ಅವರು ಹೋದಾಗಿಂದ ಅಟ್ಟದಿಂದ ಇಳಿದೇ ಇರ್ಲಿಲ್ಲ."

ಹುಲಿಗೆಪ್ಪ ಹೋಗಿ ಆ ಬಾಗಿಲು ತೆಗೆದ. ಪೂರ್ತಿ ತೆಗೆದು, ಹಿಡ್ಕೊಂಡು ನಿಂತ. ಬೆಕ್ಕು ಎದ್ದಿತು. ಬಾಲ ನೆಟ್ಟಗಾಯ್ತು. ಬರಿ ಗಾಳಿಗೆ ಒಂದು ಸಲ ಮೈ ಉಜ್ಜಿತು, ಆ ಕಡೆಯಿಂದ ಒಂದು ಸಲ, ಈ ಕಡೆಯಿಂದ ಒಂದು ಸಲ. ಆಮೇಲೆ ಮನೆ ಕಡೆ ಹೊರಟಿತು. ಸ್ವಲ್ಪ ನಡೆಯೋದು, ನಿಲ್ಲೋದು, ತಲೆ ಎತ್ತಿ ಹಿಂದೆ ನೋಡೋದು. ನಿಧಾನ ನಡೆಯೋರ ಜೊತೆ ಹೋಗ್ತೀವಲ್ಲ, ಹಾಗೆ.

ಹೊಸ್ತಿಲು ದಾಟಿತು. ಒಳಗಿನ ಪರದೆ ತನಕ ಹೋಯ್ತು. ಕೆಳಗಿಂದ ನುಸುಳಿತು. ಅದರ ಹಿಂದೆಯೇ ಪರದೆ ಪಕ್ಕಕ್ಕೆ ಸರಿದು, ಮತ್ತೆ ಬಿತ್ತು. ಬೆಕ್ಕಿನಷ್ಟು ಎತ್ತರಕ್ಕಲ್ಲ. ಒಬ್ಬ ಆಳಿನಷ್ಟು ಎತ್ತರಕ್ಕೆ.

ಹುಲಿಗೆಪ್ಪ ಒಬ್ಬನೇ ಹೇಳಿದ್ದಾದ್ರೆ ನಾನೂ ನಂಬ್ತಿರಲಿಲ್ಲ. ಶಿವಾಜಿನಗರಕ್ಕೆ ಹೋಗಿದ್ದಾಗ ಜಾಫರ್‌ನನ್ನೇ ಕೇಳಿದೆ. ಅವನು ಎದ್ದು ಹೋಗಿ ಪರದೆ ಮುಟ್ಟಿ ತೋರಿಸಿದ. ದಪ್ಪ ಬಟ್ಟೆ, ಸುಲಭಕ್ಕೆ ಅಲುಗೋದಲ್ಲ. ಫ್ಯಾನನ್ನ ಅವನು ಹೊರಗೆ ಬರೋವಾಗಲೇ ಆರಿಸಿದ್ದನಂತೆ. ಸರಿದದ್ದು ನಿಜ ಅಂದ.